ಬಾಗಿಲು ಹಾಕಿದ ಕಾರ್ಖಾನೆಗಳ ನೆಲ: ಹೊಸ ಬೆಲೆ, ಹಳೆಯ ಋಣ



ಉತ್ಪಾದನೆ ನಿಲ್ಲಿಸಿದ ಕಾರ್ಖಾನೆಗಳ ನೆಲವು ಕಚೇರಿ ಸಂಕೀರ್ಣಗಳಾಗಿ, ಮಾಲ್‌ಗಳಾಗಿ, ಹೋಟೆಲು ಮತ್ತು ವಸತಿ ಗೋಪುರಗಳಾಗಿ ಮಾರ್ಪಡುವ ಪ್ರಕ್ರಿಯೆಯು ಕಳೆದ ಕೆಲವು ದಶಕಗಳಲ್ಲಿ ಭಾರತದ ದೊಡ್ಡ ನಗರಗಳ ನಡುಭಾಗದ ಚಹರೆಯನ್ನೇ ಬದಲಿಸಿದೆ. ಪಾಳು ಬಿದ್ದ ಜಾಗಕ್ಕೆ ಜೀವ ಬಂತೆಂದು ಸಂತೋಷಪಡುವವರು ಒಂದು ಕಡೆ, ದುಡಿಯುವವರ ನೆಲೆ ಕೊಳ್ಳುವವರ ಪಾಲಾಯಿತೆಂದು ಮರುಗುವವರು ಇನ್ನೊಂದು ಕಡೆ ಇದ್ದಾರೆ. ಈ ಉಪನ್ಯಾಸವು ಇವರಿಬ್ಬರ ನಡುವೆ ತೀರ್ಪು ಹೇಳಲು ಹೊರಟಿಲ್ಲ. ಇದು ಎತ್ತಿಕೊಳ್ಳುವ ಪ್ರಶ್ನೆ ಇನ್ನೂ ಸೀಮಿತವಾದುದು. ಕಾರ್ಖಾನೆಗೆಂದು ದೊರೆತ ನೆಲದ ಬಳಕೆ ಬದಲಾದಾಗ ಹುಟ್ಟುವ ಹೊಸ ಬೆಲೆಯಲ್ಲಿ ಯಾರಿಗೆ ಎಷ್ಟು ಪಾಲು ಸಲ್ಲಬೇಕು, ಮತ್ತು ಆ ನೆಲದ ಮೇಲೆ ಉಳಿದುಬಂದ ಹಳೆಯ ಹೊಣೆಗಳನ್ನು ಯಾರು ತೀರಿಸಬೇಕು ಎಂಬುದೇ ಆ ಪ್ರಶ್ನೆ.

ವಿಷಯದ ಹರವು ದೊಡ್ಡದಾದ್ದರಿಂದ ಚರ್ಚೆಯನ್ನು ಮುಖ್ಯವಾಗಿ ಬೆಂಗಳೂರು ಮತ್ತು ಮುಂಬಯಿ ನಗರಗಳಿಗೆ ಸೀಮಿತಗೊಳಿಸಿ, ನಾಲ್ಕು ಭಾಗಗಳಲ್ಲಿ ಮಂಡಿಸಲಾಗುವುದು. ಮೊದಲನೆಯದು, ಕೈಗಾರಿಕಾ ನೆಲವು ಹೇಗೆ ಕೂಡಿಬಂದಿತು ಮತ್ತು ಕಾರ್ಖಾನೆಗಳು ಏಕೆ ಬಾಗಿಲು ಹಾಕಿದವು ಎಂಬುದು. ಎರಡನೆಯದು, ಬಳಕೆ ಬದಲಾದಾಗ ನೆಲದ ಬೆಲೆ ಏರುವ ಬಗೆ. ಮೂರನೆಯದು, ಆ ಏರಿಕೆಯನ್ನು ಹಂಚಿಕೊಳ್ಳಲು ಮುಂಬಯಿ ರೂಪಿಸಿದ ನಿಯಮ ಮತ್ತು ಅದರ ಗತಿ. ನಾಲ್ಕನೆಯದು, ನೆಲದಡಿಯ ಮಾಲಿನ್ಯ ಹಾಗೂ ನೆಲದ ಸುತ್ತಲಿನ ಸಂಚಾರ, ಅಂದರೆ ಕಟ್ಟಡದ ನಕ್ಷೆಯಲ್ಲಿ ಕಾಣದ ಎರಡು ಭಾರಗಳು.

ಮೊದಲ ಭಾಗದತ್ತ ಗಮನ ಹರಿಸುವುದಾದರೆ, ಬೆಂಗಳೂರಿನ ಕೈಗಾರಿಕಾ ನೆಲ ಎರಡು ಅಲೆಗಳಲ್ಲಿ ರೂಪುಗೊಂಡಿತೆನ್ನಬಹುದು. ಮೊದಲ ಅಲೆಯು ಬಟ್ಟೆ ಗಿರಣಿಗಳದು. 1884ರಲ್ಲಿ ಆರಂಭವಾದ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿಯು ಮುಂದೆ ಬಿನ್ನಿ ಕಂಪನಿಯ ಆಡಳಿತಕ್ಕೆ ಸೇರಿತು. ಅದರ ಸುತ್ತಲಿನ ಬಡಾವಣೆ ಬಿನ್ನಿಪೇಟೆಯೆಂದೇ ಹೆಸರಾಯಿತು. ಆ ಬಳಿಕ ಮಿನರ್ವ ಮಿಲ್ಸ್, ರಾಜಾ ಮಿಲ್ಸ್ ಮೊದಲಾದವು ರೈಲು ಹಳಿಗೆ ಹತ್ತಿರವಿದ್ದ, ಅಂದು ಊರಿನ ಅಂಚೆನಿಸಿದ್ದ ಪಶ್ಚಿಮ ಭಾಗದಲ್ಲಿ ನೆಲೆಯೂರಿದವು. ಎರಡನೆಯ ಅಲೆಯು ಯಂತ್ರ ಮತ್ತು ವಿದ್ಯುತ್ ಉಪಕರಣಗಳದು. 1936ರಲ್ಲಿ ಮೈಸೂರು ಲ್ಯಾಂಪ್ ವರ್ಕ್ಸ್, 1946ರಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್, ಸ್ವಾತಂತ್ರ್ಯದ ಅನಂತರ ಆಡುಗೋಡಿಯ ಮೈಕೋ, ಜರ್ಮನಿಯ ಎಇಜಿ ಸಂಸ್ಥೆಯ ಸಹಯೋಗದಲ್ಲಿ ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಹೀಗೆ ಒಂದರ ಹಿಂದೊಂದು ಬಂದ ಕಾರ್ಖಾನೆಗಳು ಬೆಂಗಳೂರನ್ನು ಪಾಳಿಯ ಸೈರನ್ನಿಗೆ ಏಳುವ ಊರನ್ನಾಗಿ ಮಾಡಿದವು.

ಇಂತಹ ಕಾರ್ಖಾನೆಗಳಿಗೆ ನೆಲ ದೊರೆತ ಬಗೆಯನ್ನು ನೆನಪಿಡುವುದು ಮುಂದಿನ ವಾದಕ್ಕೆ ಅಗತ್ಯ. ಕೆಲವು ಸಂಸ್ಥೆಗಳು ತಮ್ಮ ಹಣದಿಂದಲೇ ಜಾಗ ಕೊಂಡಿದ್ದವಾದರೂ, ಅನೇಕವುಗಳಿಗೆ ಸರ್ಕಾರವೇ ಜಮೀನು ಮಂಜೂರು ಮಾಡಿತ್ತು, ಗುತ್ತಿಗೆಗೆ ನೀಡಿತ್ತು ಅಥವಾ ರೈತರಿಂದ ಸ್ವಾಧೀನಪಡಿಸಿ ಒದಗಿಸಿತ್ತು. 1894ರ ಭೂಸ್ವಾಧೀನ ಕಾಯಿದೆಯಲ್ಲಿ ಕಂಪನಿಗಳಿಗಾಗಿ ಜಮೀನು ಸ್ವಾಧೀನಪಡಿಸುವುದಕ್ಕೆಂದೇ ಏಳನೆಯ ಭಾಗವಿತ್ತು. ಕರ್ನಾಟಕದಲ್ಲಿ 1966ರ ಕಾಯಿದೆಯಡಿ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಈ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಕೈಗೊಂಡಿತು. ಇಂತಹ ಕಡೆಗಳಲ್ಲಿ ಜಮೀನು ಕಡಿಮೆ ಬೆಲೆಗೆ ದೊರೆತದ್ದು ಉದ್ಯೋಗ ಸೃಷ್ಟಿ ಮತ್ತು ಉತ್ಪಾದನೆ ಎಂಬ ಸಾರ್ವಜನಿಕ ಉದ್ದೇಶಕ್ಕಾಗಿ. ಆ ಉದ್ದೇಶ ಕೊನೆಗೊಂಡ ಮೇಲೆ ನೆಲದ ಗತಿಯೇನು ಎಂಬ ಪ್ರಶ್ನೆಯನ್ನು ಮಂಜೂರಾತಿಯ ಕಾಲದಲ್ಲಿ ಗಂಭೀರವಾಗಿ ಕೇಳಿಕೊಂಡಂತೆ ಕಾಣುವುದಿಲ್ಲ.

ಕಾರ್ಖಾನೆಗಳು ಮುಚ್ಚಿದ್ದಕ್ಕೆ ಹಲವು ಕಾರಣಗಳಿವೆ. ಬಟ್ಟೆ ಗಿರಣಿಗಳ ಯಂತ್ರಗಳು ಹಳತಾಗಿದ್ದವು, ವಿದ್ಯುತ್ ಮಗ್ಗಗಳು ಕಡಿಮೆ ಕೂಲಿಯಲ್ಲಿ ಬಟ್ಟೆ ನೇಯತೊಡಗಿದ್ದವು, ಲಾಭವು ಯಂತ್ರಗಳ ನವೀಕರಣಕ್ಕೆ ಮರಳುತ್ತಿರಲಿಲ್ಲ. 1974ರ ರೋಗಗ್ರಸ್ತ ಜವಳಿ ಉದ್ಯಮಗಳ ರಾಷ್ಟ್ರೀಕರಣ ಕಾಯಿದೆಯು ಅನೇಕ ಗಿರಣಿಗಳನ್ನು ರಾಷ್ಟ್ರೀಯ ಜವಳಿ ನಿಗಮದ ಕೈಗಿತ್ತಿತು. ಸಂವಿಧಾನದ ಮೂಲ ಸ್ವರೂಪದ ಚರ್ಚೆಯಲ್ಲಿ ಪದೇ ಪದೇ ಉಲ್ಲೇಖಗೊಳ್ಳುವ 1980ರ ಮಿನರ್ವ ಮಿಲ್ಸ್ ಪ್ರಕರಣ ಹುಟ್ಟಿದ್ದೂ ಬೆಂಗಳೂರಿನ ಇಂತಹದೊಂದು ಗಿರಣಿಯನ್ನು ಸರ್ಕಾರ ವಹಿಸಿಕೊಂಡ ಕ್ರಮದಿಂದಲೇ. ಮುಂಬಯಿಯಲ್ಲಿ 1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಪಾಲ್ಗೊಂಡರು. ಮುಷ್ಕರದ ಬಳಿಕ ಅನೇಕ ಗಿರಣಿಗಳು ಪೂರ್ಣವಾಗಿ ಚೇತರಿಸಿಕೊಳ್ಳಲೇ ಇಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯಲ್ಲೂ ಹತ್ತಿ ಗಿರಣಿಗಳು ಒಂದೊಂದಾಗಿ ನಿಂತವು. ಅಲ್ಲಿನ ಡಿಸಿಎಂ ಟೌನ್‌ಶಿಪ್ ಎಂಬ ಬಡಾವಣೆಯು ದಾವಣಗೆರೆ ಕಾಟನ್ ಮಿಲ್ಸ್‌ನ ಹೆಸರನ್ನು ಇಂದಿಗೂ ಹೊತ್ತಿದೆ.

ಯಂತ್ರಗಳು ಹಳತಾಗುತ್ತಿದ್ದ ಅದೇ ಕಾಲದಲ್ಲಿ ನಗರವು ಕಾರ್ಖಾನೆಯ ಗೋಡೆಯನ್ನು ದಾಟಿ ಮುಂದಕ್ಕೆ ಬೆಳೆದಿತ್ತು. ಊರಿನ ಅಂಚಿನಲ್ಲಿದ್ದ ಜಾಗ ಊರಿನ ನಡುವಿಗೆ ಬಂದಿತು. ಗುಜರಿಗೆ ಹಾಕಿದರೆ ಹೆಚ್ಚೇನೂ ಹುಟ್ಟದ ಯಂತ್ರಗಳ ಕೆಳಗೆ ಕೋಟಿಗಟ್ಟಲೆ ಬೆಲೆಯ ನೆಲವಿತ್ತು. 1985ರ ರೋಗಗ್ರಸ್ತ ಕೈಗಾರಿಕೆಗಳ ಕಾಯಿದೆಯಡಿ ರಚನೆಯಾದ ಬಿಐಎಫ್ಆರ್ ಮಂಡಳಿಯ ಮುಂದೆ ಬಂದ ಪುನಶ್ಚೇತನ ಯೋಜನೆಗಳಲ್ಲಿ ಹೆಚ್ಚುವರಿ ಜಮೀನಿನ ಮಾರಾಟವು ಹಣ ಹೊಂದಿಸುವ ಮುಖ್ಯ ದಾರಿಗಳಲ್ಲೊಂದಾಗಿತ್ತು. ಕಾರ್ಖಾನೆಯನ್ನು ಉಳಿಸಲೆಂದು ಜಮೀನು ಮಾರುವ ಯೋಜನೆಯು ಹಲವೆಡೆ ಜಮೀನು ಮಾರಲೆಂದೇ ಕಾರ್ಖಾನೆ ಮುಚ್ಚುವಲ್ಲಿಗೆ ಬಂದು ನಿಂತಿತೆಂಬ ದೂರು ಕಾರ್ಮಿಕ ಸಂಘಟನೆಗಳದು. ಆ ದೂರಿನಲ್ಲಿ ಹುರುಳಿಲ್ಲವೆಂದು ತಳ್ಳಿಹಾಕಲಾಗದು.

ಇನ್ನು ಎರಡನೆಯ ಭಾಗಕ್ಕೆ ಬರಬಹುದು. ನೆಲದ ಬೆಲೆ ಏರುವುದಕ್ಕೆ ಎರಡು ಆಡಳಿತಾತ್ಮಕ ನಿರ್ಧಾರಗಳು ಕಾರಣವಾಗುತ್ತವೆ. ಒಂದು, ಭೂಬಳಕೆ ಬದಲಾವಣೆ. ನಗರದ ಮಹಾಯೋಜನೆ, ಅಂದರೆ ಮಾಸ್ಟರ್ ಪ್ಲಾನ್, ಪ್ರತಿಯೊಂದು ಜಾಗವನ್ನೂ ವಸತಿ, ವಾಣಿಜ್ಯ, ಕೈಗಾರಿಕೆ, ಉದ್ಯಾನ ಎಂದು ಬಣ್ಣ ಹಚ್ಚಿ ಗುರುತಿಸುತ್ತದೆ. ಕೈಗಾರಿಕೆಯೆಂದು ಗುರುತಾದ ಜಾಗದಲ್ಲಿ ಮಾಲ್ ಕಟ್ಟಬೇಕಾದರೆ ಒಂದೋ ಮಹಾಯೋಜನೆಯ ಪರಿಷ್ಕರಣೆಯಲ್ಲೇ ಆ ಬಣ್ಣ ಬದಲಾಗಬೇಕು, ಇಲ್ಲವೇ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ, 1961ರ 14-ಎ ಪ್ರಕರಣದಡಿ ಪ್ರತ್ಯೇಕ ಅನುಮತಿ ದೊರೆಯಬೇಕು. ಇನ್ನೊಂದು, ಎಫ್ಎಆರ್ ಎಂದು ಕರೆಯಲಾಗುವ ನಿರ್ಮಾಣ ಅನುಪಾತ, ಅಂದರೆ ಜಾಗದ ವಿಸ್ತೀರ್ಣಕ್ಕೆ ಹೋಲಿಸಿದಾಗ ಎಲ್ಲ ಮಹಡಿಗಳೂ ಸೇರಿ ಎಷ್ಟು ಕಟ್ಟಬಹುದೆಂಬ ಮಿತಿ.

ಈ ಎರಡನೆಯ ಅಂಶವನ್ನು ಸರಳ ಲೆಕ್ಕದಿಂದ ವಿವರಿಸಬಹುದು. ಒಂದು ಎಕರೆಯೆಂದರೆ 43,560 ಚದರ ಅಡಿ. ಅನುಪಾತ 1 ಇದ್ದರೆ ಆ ಜಾಗದಲ್ಲಿ ಅಷ್ಟೇ ವಿಸ್ತೀರ್ಣದ ಕಟ್ಟಡ ಕಟ್ಟಬಹುದು. ಅನುಪಾತ 3 ಆದರೆ 1,30,680 ಚದರ ಅಡಿ ಕಟ್ಟಬಹುದು. ಒಂದೆರಡು ಅಂತಸ್ತಿನ, ಕಲ್ನಾರು ಶೀಟಿನ ಮಾಡಿನ, ಸುತ್ತ ವಿಶಾಲವಾದ ಅಂಗಳವಿದ್ದ ಕಾರ್ಖಾನೆಯು ಅನುಮತಿಸಲಾದ ಅನುಪಾತದ ಸಣ್ಣ ಭಾಗವನ್ನಷ್ಟೇ ಬಳಸಿಕೊಂಡಿರುತ್ತದೆ. ಅಲ್ಲಿ ವಾಣಿಜ್ಯ ಬಳಕೆಗೆ ಅನುಮತಿ ಸಿಕ್ಕ ದಿನವೇ ಬಾಡಿಗೆ ತರಬಲ್ಲ ಸಾವಿರಾರು ಚದರ ಅಡಿ ಕಾಗದದ ಮೇಲೆ ಸೃಷ್ಟಿಯಾಗುತ್ತದೆ. ಆ ದಿನ ಮಾಲೀಕನು ಒಂದು ಇಟ್ಟಿಗೆಯನ್ನೂ ಇಟ್ಟಿರುವುದಿಲ್ಲ. ನೆಲದ ಬೆಲೆಯನ್ನು ಹೆಚ್ಚಿಸಿದ್ದು ಸರ್ಕಾರದ ಸಹಿ ಮತ್ತು ಸುತ್ತ ಬೆಳೆದ ನಗರದ ರಸ್ತೆ, ನೀರು, ರೈಲು ಸೌಕರ್ಯ. ಅದೇ ಯೋಜನಾ ಕಾಯಿದೆಯ 18ನೆಯ ಪ್ರಕರಣವು ಬಳಕೆ ಬದಲಾವಣೆಗೆ ಶುಲ್ಕ ವಿಧಿಸಲು ಅವಕಾಶ ಕೊಡುವುದು ಈ ತತ್ತ್ವವನ್ನು ಒಪ್ಪಿಕೊಂಡಂತೆಯೇ; ಆದರೆ ಒಮ್ಮೆ ಕಟ್ಟಿ ಮುಗಿಸುವ ಶುಲ್ಕವು ಮೈದಾನ, ಶಾಲೆ, ಕಡಿಮೆ ಬಾಡಿಗೆಯ ಮನೆಗಳಿಗೆ ಜಾಗವನ್ನು ಕೊಡಲಾರದು.

ಈ ಮಾರ್ಪಾಡಿನ ಹಲವು ಮಾದರಿಗಳು ಬೆಂಗಳೂರೊಂದರಲ್ಲೇ ನೋಡಸಿಗುತ್ತವೆ. ಮಲ್ಲೇಶ್ವರ ಮತ್ತು ರಾಜಾಜಿನಗರಗಳ ನಡುವೆ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಾರ್ಖಾನೆಯಿದ್ದ ಸುಮಾರು 40 ಎಕರೆಯಲ್ಲಿ ಬ್ರಿಗೇಡ್ ಗೇಟ್‌ವೇ ಎದ್ದಿತು. ವರ್ಲ್ಡ್ ಟ್ರೇಡ್ ಸೆಂಟರ್ ಕಚೇರಿ ಗೋಪುರ, ಹೋಟೆಲು, ಆಸ್ಪತ್ರೆ, ಶಾಲೆ, ವಸತಿ, 2012ರಲ್ಲಿ ತೆರೆದ ಒರಾಯನ್ ಮಾಲ್ ಇವೆಲ್ಲವೂ ಅಲ್ಲಿ ಒಂದು ಕೃತಕ ಕೆರೆಯ ಸುತ್ತ ಜೋಡಣೆಯಾಗಿವೆ. ಸಂಪಿಗೆ ರಸ್ತೆಯ ತುದಿಯಲ್ಲಿ ರಾಜಾ ಮಿಲ್ಸ್ ಇದ್ದ ಕಡೆ 2010ರಲ್ಲಿ ಮಂತ್ರಿ ಸ್ಕ್ವೇರ್ ಮಾಲ್ ತೆರೆಯಿತು. ನಾಲ್ಕು ವರ್ಷಗಳ ಬಳಿಕ ಬಂದ ಮೆಟ್ರೋ ನಿಲ್ದಾಣವು ಈಗ ರಸ್ತೆಯ ಹೆಸರಿನ ಜೊತೆಗೆ ಮಾಲ್‌ನ ಹೆಸರನ್ನೂ ಹೊತ್ತಿದೆ. ವಿಠ್ಠಲ್ ಮಲ್ಯ ರಸ್ತೆಯ ಬಿಯರ್ ತಯಾರಿಕಾ ಘಟಕದ ಜಾಗದಲ್ಲಿ ಯುಬಿ ಸಿಟಿ ನಿಂತಿದೆ. ಇವೆಲ್ಲಕ್ಕಿಂತ ಭಿನ್ನವಾದುದು ಆಡುಗೋಡಿಯ ಉದಾಹರಣೆ. ಮೈಕೋ ಸಂಸ್ಥೆಯ ಇಂದಿನ ರೂಪವಾದ ಬಾಷ್ ತನ್ನ ತಯಾರಿಕೆಯನ್ನು ಬಿಡದಿಗೆ ಸಾಗಿಸಿ, ಸುಮಾರು 76 ಎಕರೆಯ ಹಳೆಯ ನೆಲವನ್ನು ಮಾರದೆ, 2022ರಲ್ಲಿ ಅಲ್ಲಿಯೇ ತಂತ್ರಜ್ಞಾನ ಕೇಂದ್ರವನ್ನು ಉದ್ಘಾಟಿಸಿತು. ಆ ಸಂಸ್ಥೆಯ ಕೆಲಸ ಅದೇ ವಿಳಾಸದಲ್ಲಿ ಉಳಿಯಿತಾದರೂ ಕೆಲಸದ ಬಗೆ ಮತ್ತು ಕೆಲಸಕ್ಕೆ ಬೇಕಾದ ವಿದ್ಯಾರ್ಹತೆ ಪೂರ್ಣವಾಗಿ ಬದಲಾದವು.

ಉದ್ಯೋಗದ ಈ ಬದಲಾವಣೆಯನ್ನು ಎರಡು ಮಾತುಗಳಲ್ಲಿ ಗಮನಿಸಿ ಮುಂದುವರಿಯಬಹುದು. ವಾಣಿಜ್ಯ ಸಂಕೀರ್ಣಗಳು ಕೆಲಸ ಸೃಷ್ಟಿಸುವುದಿಲ್ಲವೆಂಬ ಟೀಕೆ ಸರಿಯಲ್ಲ. ಎಕರೆವಾರು ಲೆಕ್ಕದಲ್ಲಿ ಕಚೇರಿ ಗೋಪುರವು ಗಿರಣಿಗಿಂತ ಹೆಚ್ಚು ಜನರಿಗೆ ಕೆಲಸ ಕೊಡಬಲ್ಲದು. ಆದರೆ ಮಗ್ಗ ಖಾತೆಯ ಕಾರ್ಮಿಕನಿಗೆ ಇದ್ದ ಕಾಯಂ ಕೆಲಸ, ಭವಿಷ್ಯನಿಧಿ, ಕಾರ್ಮಿಕ ಸಂಘ, ಇಎಸ್ಐ ಆಸ್ಪತ್ರೆಯ ಚೀಟಿ ಇವೆಲ್ಲ ಒಂದೇ ಕಟ್ಟಾಗಿ ಬರುತ್ತಿದ್ದವು. ಅದೇ ಬಡಾವಣೆಯಿಂದ ಇಂದು ಮಾಲ್‌ಗೆ ಹೋಗುವವರಿಗೆ ಹೆಚ್ಚಾಗಿ ಸಿಗುವುದು ಏಜೆನ್ಸಿಯ ಮೂಲಕ ಬರುವ ಸೆಕ್ಯೂರಿಟಿ, ಹೌಸ್‌ಕೀಪಿಂಗ್ ಮತ್ತು ಮಾರಾಟ ಸಹಾಯಕರ ಗುತ್ತಿಗೆ ಕೆಲಸ. ಮೇಲಿನ ಮಹಡಿಗಳ ಕೆಲಸಕ್ಕೆ ಬೇಕಾದ ಶಿಕ್ಷಣವು ಕೆಳಗಿನ ಬೀದಿಯ ಮಕ್ಕಳಿಗೆ ದೊರೆಯುವಂತೆ ಮಾಡುವ ಹೊಣೆಯನ್ನು ಯಾವ ನಕ್ಷೆ ಮಂಜೂರಾತಿಯೂ ಹೊರುವುದಿಲ್ಲ.

ಇಲ್ಲಿಂದ ಮೂರನೆಯ ಭಾಗಕ್ಕೆ, ಅಂದರೆ ಮುಂಬಯಿಗೆ ಹೊರಳಬೇಕು. ಪರೇಲ್, ಲಾಲ್‌ಬಾಗ್, ವರ್ಲಿಗಳನ್ನು ಒಳಗೊಂಡ ಗಿರಣ್‌ಗಾಂವ್, ಅಂದರೆ ಗಿರಣಿಗಳ ಊರು, ಸುಮಾರು 600 ಎಕರೆ ಗಿರಣಿ ನೆಲವನ್ನು ಹೊಂದಿತ್ತು. ಮುಂಬಯಿಯ ಕನ್ನಡ ಮತ್ತು ತುಳು ಭಾಷಿಕರಿಗೂ ಈ ಪರಿಸರ ಹೊರಗಿನದಲ್ಲ. ಕರಾವಳಿಯಿಂದ ಹೋಗಿ ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಗಳಲ್ಲಿ ಓದಿದ ತಲೆಮಾರುಗಳಿಗೆ ಗಿರಣಿಗಳ ಈ ನಗರವೇ ಅನ್ನದ ಊರಾಗಿತ್ತು. 1991ರಲ್ಲಿ ಮಹಾರಾಷ್ಟ್ರ ಸರ್ಕಾರವು ಅಭಿವೃದ್ಧಿ ನಿಯಂತ್ರಣ ನಿಯಮಗಳ 58ನೆಯ ನಿಯಮದ ಮೂಲಕ ಗಿರಣಿ ನೆಲದ ಹಂಚಿಕೆಗೆ ಸೂತ್ರವೊಂದನ್ನು ರೂಪಿಸಿತು. ಸ್ಥೂಲವಾಗಿ ಹೇಳುವುದಾದರೆ, ನೆಲದ ಮೂರನೆಯ ಒಂದು ಪಾಲು ಉದ್ಯಾನ ಮತ್ತು ಮೈದಾನಗಳಿಗಾಗಿ ಮಹಾನಗರಪಾಲಿಕೆಗೆ, ಇನ್ನೊಂದು ಪಾಲು ಸಾರ್ವಜನಿಕ ವಸತಿಗಾಗಿ ಮಹಾಡಾ ಎಂಬ ವಸತಿ ಪ್ರಾಧಿಕಾರಕ್ಕೆ, ಉಳಿದದ್ದು ಮಾಲೀಕನಿಗೆ. ಮಾಲೀಕನಿಗೆ ನಷ್ಟವಾಗದಂತೆ, ಬಿಟ್ಟುಕೊಟ್ಟ ನೆಲದ ನಿರ್ಮಾಣ ಹಕ್ಕನ್ನು ಬೇರೆಡೆ ಬಳಸಲು ಅಥವಾ ಮಾರಲು ಅವಕಾಶವಿತ್ತು. ಇದನ್ನೇ ಅಭಿವೃದ್ಧಿ ಹಕ್ಕಿನ ವರ್ಗಾವಣೆ ಅಥವಾ ಟಿಡಿಆರ್ ಎನ್ನುತ್ತಾರೆ. 1996ರಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ನೇತೃತ್ವದ ಸಮಿತಿಯು ಗಿರಣಿಗಳನ್ನು ಬಿಡಿ ಬಿಡಿಯಾಗಿ ನೋಡದೆ ಒಟ್ಟು ಪ್ರದೇಶವಾಗಿ ಯೋಜಿಸಿದರೆ ಚೂರುಚೂರಾದ ತುಂಡುಗಳ ಬದಲು ದೊಡ್ಡ ಸಾರ್ವಜನಿಕ ಜಾಗಗಳು ದೊರೆಯುತ್ತವೆಂದು ತೋರಿಸಿತು.

ಈ ಸೂತ್ರವು ಕೈತಪ್ಪಿದ ರೀತಿ ಗಮನಾರ್ಹವಾದುದು. 2001ರ ತಿದ್ದುಪಡಿಯು ಹಂಚಿಕೆಯ ಪ್ರಮಾಣವನ್ನು ಮುಟ್ಟದೆ, ಹಂಚಬೇಕಾದ ನೆಲದ ಲೆಕ್ಕವನ್ನೇ ಬದಲಿಸಿತು: ಗಿರಣಿಯ ಇಡೀ ನೆಲದ ಬದಲು, ಕಟ್ಟಡಗಳಿಲ್ಲದೆ ಖಾಲಿ ಇದ್ದ ಭಾಗವನ್ನು ಮಾತ್ರ ಹಂಚಿದರೆ ಸಾಕೆಂದಾಯಿತು. ಉದಾಹರಣೆಗೆ 15 ಎಕರೆಯ ಗಿರಣಿಯೊಂದರಲ್ಲಿ 12 ಎಕರೆಯ ಮೇಲೆ ಶೆಡ್ಡುಗಳಿವೆಯೆಂದು ಊಹಿಸಿಕೊಂಡರೆ, ಹಳೆಯ ಲೆಕ್ಕದಲ್ಲಿ ಉದ್ಯಾನಕ್ಕೆ 5 ಎಕರೆ ಬರಬೇಕಿತ್ತು. ಹೊಸ ಲೆಕ್ಕದಲ್ಲಿ ಉಳಿದ 3 ಎಕರೆಯ ಮೂರನೆಯ ಒಂದು ಪಾಲು, ಅಂದರೆ ಒಂದೇ ಎಕರೆ. ಶೆಡ್ಡುಗಳನ್ನು ಕೆಡವಿದ ಮೇಲೆ ತೆರವಾಗುವ 12 ಎಕರೆ ಹಂಚಿಕೆಯ ಲೆಕ್ಕಕ್ಕೇ ಬರುವುದಿಲ್ಲ. ಪರಿಸರ ಸಂಘಟನೆಯೊಂದು ಇದನ್ನು ಪ್ರಶ್ನಿಸಿತು. 2005ರ ಅಕ್ಟೋಬರಿನಲ್ಲಿ ಬಾಂಬೆ ಹೈಕೋರ್ಟು ಸಾರ್ವಜನಿಕರ ಪಾಲನ್ನು ಎತ್ತಿಹಿಡಿಯಿತು. 2006ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಪಡಿಸಿ ತಿದ್ದುಪಡಿಯನ್ನು ಮಾನ್ಯ ಮಾಡಿತು. ಇದೇ ಅವಧಿಯಲ್ಲಿ, 2005ರಲ್ಲಿ, ರಾಷ್ಟ್ರೀಯ ಜವಳಿ ನಿಗಮದ ಮುಂಬೈ ಟೆಕ್ಸ್‌ಟೈಲ್ ಮಿಲ್ಸ್ ಒಂದೇ 702 ಕೋಟಿ ರೂಪಾಯಿಗೆ ಮಾರಾಟವಾಯಿತೆಂಬುದು ಪಣಕ್ಕಿದ್ದ ಮೊತ್ತದ ಅಂದಾಜನ್ನು ಕೊಡುತ್ತದೆ.

ಫಲಿತಾಂಶವನ್ನು ನೆಲದ ಮೇಲೆಯೇ ನೋಡಬಹುದು. ಲೋವರ್ ಪರೇಲಿನ ಫೀನಿಕ್ಸ್ ಮಿಲ್ಸ್ ನೆಲವು ಹೈ ಸ್ಟ್ರೀಟ್ ಫೀನಿಕ್ಸ್ ಎಂಬ ದೊಡ್ಡ ಮಾಲ್ ಆಯಿತು. ಅಲ್ಲಿ ಗಿರಣಿಯ ಹಳೆಯ ಹೊಗೆಕೊಳವೆಯನ್ನು ಗುರುತಿಗೆಂದು ಉಳಿಸಿಕೊಳ್ಳಲಾಗಿದೆ. ಗಿರಣಿ ಕಾರ್ಮಿಕರಿಗಾಗಿ ಕಟ್ಟಿದ ಮನೆಗಳನ್ನು ಹಂಚಲು ಮಹಾಡಾ 2012ರಲ್ಲಿ ಮೊದಲ ಲಾಟರಿ ನಡೆಸಿದಾಗ ಇದ್ದ ಮನೆಗಳು ಸುಮಾರು ಏಳು ಸಾವಿರ, ಅರ್ಜಿ ಹಾಕಿದ್ದ ಕಾರ್ಮಿಕರು ಮತ್ತು ವಾರಸುದಾರರು ಲಕ್ಷವನ್ನು ಮೀರಿದ್ದರು. ದಾದರ್‌ನ ಇಂದು ಮಿಲ್ಸ್ ನೆಲವು ಡಾ. ಅಂಬೇಡ್ಕರ್ ಸ್ಮಾರಕಕ್ಕೆ ಮೀಸಲಾದದ್ದು, ಜನರ ದೀರ್ಘ ಒತ್ತಾಯವಿದ್ದರೆ ಗಿರಣಿ ನೆಲವೂ ಸಾರ್ವಜನಿಕ ಉದ್ದೇಶಕ್ಕೆ ಒದಗೀತೆಂಬುದಕ್ಕೆ ಸಾಕ್ಷಿ.

ನಾಲ್ಕನೆಯ ಹಾಗೂ ಕೊನೆಯ ಭಾಗವು ಸಂಚಾರ ಮತ್ತು ಮಣ್ಣಿಗೆ ಸಂಬಂಧಿಸಿದ್ದು. ಮುಂಬಯಿಯಲ್ಲಿ ಗಿರಣಿಯ ಕಾರ್ಮಿಕರಲ್ಲಿ ಹೆಚ್ಚಿನವರು ಸುತ್ತಲಿನ ಚಾಳುಗಳಿಂದ ಕಾಲ್ನಡಿಗೆಯಲ್ಲೇ ಬರುತ್ತಿದ್ದರು, ಮತ್ತು ಮೂರು ಪಾಳಿಗಳಲ್ಲಿ ಹಂಚಿಹೋಗಿರುತ್ತಿದ್ದರು. ಅದೇ ನೆಲದ ಕಚೇರಿಗಳಿಗೆ ಬರುವವರು ದೂರದ ಉಪನಗರಗಳಿಂದ, ಬೆಳಗಿನ ಒಂದೇ ಹೊತ್ತಿಗೆ, ರೈಲಿನಲ್ಲಿ ಬರುತ್ತಾರೆ. ರೈಲು ನಿಲ್ದಾಣದ ಮೇಲ್ಸೇತುವೆ ಮಾತ್ರ ಹಳೆಯ ಅಗಲದಲ್ಲೇ ಉಳಿದಿತ್ತು. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ, ಮಳೆಗೆ ಜನ ಕಿಕ್ಕಿರಿದು ನಿಂತಿದ್ದಾಗ, ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಆ ಇಕ್ಕಟ್ಟಾದ ಸೇತುವೆಯಲ್ಲಿ ಕಾಲ್ತುಳಿತವಾಗಿ 23 ಮಂದಿ ಸತ್ತರು. ಅದೇ ವರ್ಷದ ಡಿಸೆಂಬರ್ 29ರಂದು ಕಮಲಾ ಮಿಲ್ಸ್ ಆವರಣದ ಮಾಳಿಗೆಯ ಪಬ್ಬಿನಲ್ಲಿ ಬೆಂಕಿ ಬಿದ್ದು 14 ಮಂದಿ ಅಸುನೀಗಿದರು. ಒಂದೊಂದು ಜಾಗಕ್ಕೂ ಪ್ರತ್ಯೇಕ ಮಂಜೂರಾತಿ ನೀಡಿ, ಒಟ್ಟು ಪ್ರದೇಶದ ಸಾಮರ್ಥ್ಯವನ್ನು ಯಾರೂ ಲೆಕ್ಕ ಹಾಕದಿದ್ದರೆ ಅದರ ಬೆಲೆಯನ್ನು ತೆರುವವರು ದಾರಿಹೋಕರು.

ಮಣ್ಣಿನ ವಿಚಾರ ಇದಕ್ಕಿಂತ ಮೌನವಾದುದು, ಆದ್ದರಿಂದ ಹೆಚ್ಚು ಅಪಾಯಕಾರಿ. ಬಣ್ಣ ಹಾಕುವ ಖಾತೆ, ಲೋಹಕ್ಕೆ ಕ್ರೋಮಿಯಂ ಲೇಪಿಸುವ ಘಟಕ, ಟ್ರಾನ್ಸ್‌ಫಾರ್ಮರ್ ಎಣ್ಣೆ, ಪಾದರಸ, ಕಲ್ನಾರು ಇವೆಲ್ಲ ಹಲವು ದಶಕಗಳ ಕಾಲ ನೆಲಕ್ಕೆ ಇಳಿದಿರುವ ಸಾಧ್ಯತೆಯಿರುತ್ತದೆ. ಕಟ್ಟಡಕ್ಕೆ ಅಡಿಪಾಯ ತೋಡುವಾಗ ಆ ಮಣ್ಣು ಲಾರಿಗಳಲ್ಲಿ ಎಲ್ಲಿಗೋ ಹೋಗುತ್ತದೆ, ಕೊಳವೆಬಾವಿಗೆ ಆ ನೀರೇ ಬರುತ್ತದೆ. ಕೊಡೈಕೆನಾಲಿನ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಮುಚ್ಚಿದರೂ ಅಲ್ಲಿನ ಪಾದರಸದ ಶುದ್ಧೀಕರಣದ ಮಟ್ಟದ ಬಗೆಗಿನ ವಿವಾದ ಬಹುಕಾಲ ನಡೆಯಿತು. ಭೋಪಾಲದ ಕಾರ್ಖಾನೆಯ ಆವರಣದಲ್ಲಿ 1984ರ ದುರಂತದ ಬಳಿಕ ಉಳಿದಿದ್ದ 337 ಟನ್ ವಿಷತ್ಯಾಜ್ಯವನ್ನು ಅಲ್ಲಿಂದ ಹೊರಸಾಗಿಸಲು 2025ರ ಜನವರಿಯವರೆಗೆ ಕಾಯಬೇಕಾಯಿತು. ಕೇಂದ್ರ ಸರ್ಕಾರವು ಮಲಿನಗೊಂಡ ನೆಲೆಗಳ ನಿರ್ವಹಣೆಗೆಂದೇ ಪ್ರತ್ಯೇಕ ನಿಯಮಗಳನ್ನು ಹೊರಡಿಸಿದ್ದು 2025ರಲ್ಲಿ. ಬೆಂಗಳೂರಿನ ಗಿರಣಿ ಮತ್ತು ಕಾರ್ಖಾನೆ ನೆಲಗಳ ಮರುನಿರ್ಮಾಣದ ದೊಡ್ಡ ಅಲೆ ಇಂತಹ ನಿಯಮಗಳು ಬರುವ ಮೊದಲೇ ಹಾದುಹೋಗಿತ್ತು.

ಈ ನಾಲ್ಕೂ ಭಾಗಗಳ ಚರ್ಚೆಯನ್ನು ಕ್ರೋಡೀಕರಿಸಿದರೆ ಮೂರು ತೀರ್ಮಾನಗಳಿಗೆ ಬರಬಹುದು. ಮೊದಲನೆಯದಾಗಿ, ಸಾರ್ವಜನಿಕರ ಪಾಲನ್ನು ಇಡೀ ನೆಲದ ವಿಸ್ತೀರ್ಣದ ಮೇಲೆ, ಅನುಮತಿಗೆ ಮೊದಲೇ, ನಿಯಮದಲ್ಲಿಯೇ ನಿಗದಿಪಡಿಸಬೇಕು. ಅನುಮತಿ ಕೊಟ್ಟ ಮೇಲೆ ಕೇಳುವ ಪಾಲು ನ್ಯಾಯಾಲಯದಲ್ಲಿ ಕರಗಿಹೋಗುತ್ತದೆಂಬುದಕ್ಕೆ ಮುಂಬಯಿ ನಿದರ್ಶನ. ಎರಡನೆಯದಾಗಿ, ಮಣ್ಣು ಮತ್ತು ಅಂತರ್ಜಲದ ಪರೀಕ್ಷಾ ವರದಿ ಹಾಗೂ ಸುತ್ತಲಿನ ರಸ್ತೆ, ನಿಲ್ದಾಣಗಳ ಸಾಮರ್ಥ್ಯದ ವರದಿ ಸಾರ್ವಜನಿಕವಾಗಿ ಪ್ರಕಟವಾಗದೆ ಭೂಬಳಕೆ ಬದಲಾಗಬಾರದು. ಮೂರನೆಯದಾಗಿ, ಸರ್ಕಾರದ ಒಡೆತನದಲ್ಲೇ ಇರುವ ಕಾರ್ಖಾನೆ ನೆಲವನ್ನು ಮಾರದೆ, ಅಗತ್ಯವಿದ್ದರೆ ಗುತ್ತಿಗೆಗೆ ಕೊಡಬೇಕು. ಗುತ್ತಿಗೆಯಲ್ಲಿ ನೆಲವೂ ಉಳಿಯುತ್ತದೆ, ವರ್ಷ ವರ್ಷದ ಬಾಡಿಗೆಯೂ ಬರುತ್ತದೆ. 2002ರಲ್ಲಿ ಮುಚ್ಚಿದ ಎನ್‌ಜಿಇಎಫ್‌ನ ನೆಲದಲ್ಲಿ ವೃಕ್ಷೋದ್ಯಾನ ಮಾಡುವ ಮತ್ತು ಮಲ್ಲೇಶ್ವರದ ಮೈಸೂರು ಲ್ಯಾಂಪ್ಸ್ ಆವರಣವನ್ನು ಸಾರ್ವಜನಿಕ ಬಳಕೆಗೆ ತರುವ ಸರ್ಕಾರದ ಯೋಜನೆಗಳು ಈ ದೃಷ್ಟಿಯಿಂದ ಸ್ವಾಗತಾರ್ಹ. ಆದರೆ ಯೋಜನೆಯ ಘೋಷಣೆಯೇ ಅದರ ಈಡೇರಿಕೆಯಲ್ಲ.

ಕೊನೆಯದಾಗಿ ಸಭಿಕರಲ್ಲಿ, ವಿಶೇಷವಾಗಿ ವಿದ್ಯಾರ್ಥಿಗಳಲ್ಲಿ, ಒಂದು ವಿನಂತಿ. ಈ ಮೊದಲು ಪ್ರಸ್ತಾಪಿಸಿದ 14-ಎ ಪ್ರಕರಣವು ಭೂಬಳಕೆ ಬದಲಾವಣೆಯ ಪ್ರಸ್ತಾವವನ್ನು ದಿನಪತ್ರಿಕೆಯಲ್ಲಿ ಪ್ರಕಟಿಸಿ, ಆಕ್ಷೇಪಣೆ ಸಲ್ಲಿಸಲು ಸಾರ್ವಜನಿಕರಿಗೆ ಕನಿಷ್ಠ 15 ದಿನಗಳ ಅವಕಾಶ ಕೊಡಬೇಕೆಂದು ಹೇಳುತ್ತದೆ. ಆ ಪ್ರಕಟಣೆಗಳು ಪತ್ರಿಕೆಯ ಒಳಪುಟದಲ್ಲಿ, ಸಣ್ಣ ಅಕ್ಷರಗಳಲ್ಲಿ, ಸರ್ವೆ ನಂಬರುಗಳ ಪಟ್ಟಿಯಾಗಿ ಬರುತ್ತವೆ. ಓದುವವರು ಕಡಿಮೆ, ಆಕ್ಷೇಪಣೆ ಬರೆಯುವವರು ಇನ್ನೂ ಕಡಿಮೆ. ತಮ್ಮ ಬಡಾವಣೆಯಲ್ಲಿ ಬಾಗಿಲು ಹಾಕಿದ ಕಾರ್ಖಾನೆಯಿದ್ದರೆ ಅದರ ಸರ್ವೆ ನಂಬರನ್ನು ತಿಳಿದುಕೊಂಡು, ಪ್ರಕಟಣೆ ಬಂದಾಗ ಒಂದು ಪುಟದ ಆಕ್ಷೇಪಣೆಯನ್ನೋ ಸಲಹೆಯನ್ನೋ ಕನ್ನಡದಲ್ಲಿಯೇ ಬರೆದು ಯೋಜನಾ ಪ್ರಾಧಿಕಾರಕ್ಕೆ ಸಲ್ಲಿಸಿ, ಸ್ವೀಕೃತಿ ಪಡೆದುಕೊಳ್ಳುವುದು ಪ್ರತಿಯೊಬ್ಬ ನಾಗರಿಕರಿಗೂ ಸಾಧ್ಯವಿರುವ ಕೆಲಸ. ಹದಿನೈದು ದಿನಗಳು ಕಳೆದ ಮೇಲೆ ವ್ಯಕ್ತವಾಗುವ ವಿರೋಧಕ್ಕೆ ನ್ಯಾಯಾಲಯದ ಮೆಟ್ಟಿಲೇ ಗತಿ. ಅಲ್ಲಿ ಏನಾಗಬಹುದೆಂಬುದನ್ನು ಮುಂಬಯಿ ಆಗಲೇ ತೋರಿಸಿಕೊಟ್ಟಿದೆ.